ಹೊಸಿಲಾಚೆಯ ನೀರು

ಹಿಮ ಬೀಳತೊಡಗಿ ಐದನೆಯ ದಿನ ಬೆಳಿಗ್ಗೆ ಫೆರೂಜಾ ಎದ್ದು ಮಾಡಿದ ಮೊದಲ ಕೆಲಸ, ಹಿಂದಿನ ನಾಲ್ಕು ಬೆಳಿಗ್ಗೆ ಮಾಡಿದ್ದೇ. ಒಲೆಯ ಪಕ್ಕ ಕವುಚಿಟ್ಟಿದ್ದ ಎಂಟು ಮಣ್ಣಿನ ಬಟ್ಟಲುಗಳನ್ನು ಬುಟ್ಟಿಗೆ ಹಾಕಿದಳು. ಕೆಟಲನ್ನು ಎತ್ತಿ ಅಲುಗಿಸಿ ನೋಡಿದಳು. ತಳದಲ್ಲಿ ಎರಡು ಲೋಟದಷ್ಟು ನೀರು ಕುಲುಕಿತು. ಎಂಟು ಬಟ್ಟಲಿಗೆ ಎರಡು ಲೋಟ. ಸಾಲದು ಎಂದು ತಿಳಿಯಲು ಶಾಲೆಗೆ ಹೋಗಬೇಕಿರಲಿಲ್ಲ. ಆದರೂ ಅದನ್ನೇ ಹಿಡಿದುಕೊಂಡು ಮೂರು ಮೆಟ್ಟಿಲು ಇಳಿದು ಕೊಟ್ಟಿಗೆಗೆ ಹೋದಳು.

ಬೆಟ್ಟದ ಮೇಲಿನ ಐತ್ ಊಫೆಲ್ಲಾ ಊರಿನ ಹಳೆಯ ಮನೆಗಳೆಲ್ಲ ಹೀಗೆಯೇ. ಬಾಗಿಲು ಒಂದೇ, ಸೂರು ಒಂದೇ. ಮೇಲೆ ಮನುಷ್ಯರು, ಮೂರು ಮೆಟ್ಟಿಲು ಕೆಳಗೆ ಪ್ರಾಣಿಗಳು. ಹಿಂದೆ ಅಲ್ಲಿ ಎತ್ತು, ಮೇಕೆ ಇರುತ್ತಿದ್ದವು. ಈಗ ಇದ್ದದ್ದು ಫೆರೂಜಾಳ ಮೊಲಗಳು. ಮೊದಲ ದಿನದ ಹಿಮದ ಭಾರಕ್ಕೆ ಕೊಟ್ಟಿಗೆಯ ಒಂದು ಮೂಲೆಯ ಹೆಂಚು ಕುಸಿದು ಬಿದ್ದಿತ್ತು. ಅವಳೇ ಏಣಿ ಹಾಕಿ ಹತ್ತಿ ಪ್ಲಾಸ್ಟಿಕ್ ಹಾಳೆ ಬಡಿದಿದ್ದಳು. ಹಾಳೆ ಹಿಮ ತಡೆಯಿತು, ಚಳಿ ತಡೆಯಲಿಲ್ಲ. ಬೆಚ್ಚಗಿನ ನೀರು ಹಾಕಿಟ್ಟರೆ ಒಂದು ಗಂಟೆಯೊಳಗೆ ಬಟ್ಟಲಿನ ಅಂಚಿನಲ್ಲಿ ಗಾಜು ಕಟ್ಟುತ್ತಿತ್ತು, ಎರಡು ಗಂಟೆಗೆ ಪೂರ್ತಿ ಕಲ್ಲಾಗುತ್ತಿತ್ತು. ಅದಕ್ಕೇ ಅವಳು ಎಂಟೆಂಟರ ಎರಡು ಜೊತೆ ಬಟ್ಟಲು ಇಟ್ಟುಕೊಂಡಿದ್ದಳು. ಒಂದು ಜೊತೆ ಮೊಲಗಳ ಮುಂದೆ ಹೆಪ್ಪುಗಟ್ಟುತ್ತಿರುವಾಗ ಇನ್ನೊಂದು ಜೊತೆ ಒಲೆಯ ಪಕ್ಕ ಕರಗುತ್ತಿರಬೇಕು. ಪಂಜರಗಳಿಗೆ ಕಟ್ಟಿದ್ದ ನೀರಿನ ಕೊಳವೆಗಳು ಮೊದಲ ದಿನವೇ ಸಿಡಿದು ಹೋಗಿದ್ದವು.

ಮೊಲ ಸಾಕಿದವರಿಗೆ ಇದು ಗೊತ್ತು, ಸಾಕದವರಿಗೆ ಹೇಳಿದರೂ ನಂಬಿಕೆ ಬರುವುದಿಲ್ಲ: ನಾಲ್ಕು ಕಿಲೋ ತೂಗದ ಹೆಣ್ಣು ಮೊಲ, ಮರಿ ಹಾಕಿ ಹಾಲೂಡಿಸುವಾಗ ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ನೀರು ಕುಡಿಯುತ್ತದೆ. ಫೆರೂಜಾಳ ಎಂಟು ಹೆಣ್ಣುಗಳೂ ಒಂದೇ ವಾರದಲ್ಲಿ ಮರಿ ಹಾಕಿದ್ದವು. ವಸಂತದ ಮದುವೆಯೂಟಗಳಿಗೆ ಮಾರಲು ಸರಿಯಾಗಿ ಮರಿ ಬೆಳೆದಿರಲಿ ಎಂದು ಅವಳೇ ಲೆಕ್ಕ ಹಾಕಿ ಗಂಡು ಬಿಟ್ಟಿದ್ದಳು. ಒಟ್ಟು ಎಷ್ಟು ಮರಿ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ನಮ್ಮ ಕಡೆ ಹೆಂಗಸರು ಮಕ್ಕಳನ್ನೂ ಮರಿಗಳನ್ನೂ ಎಣಿಸಿ ಹೇಳುವುದಿಲ್ಲ. ಎಣಿಸಿದ್ದು ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದದ್ದು ಉಳಿಯುವುದಿಲ್ಲ.

ನಾಲ್ಕು ದಿನದಿಂದ ಅವಳು ನಿದ್ದೆ ಎಂಬುದನ್ನು ಗೋಡೆಗೊರಗಿ ಕುಳಿತೇ ಮಾಡಿದ್ದಳು. ಮೊದಲೆರಡು ದಿನ ಇಳಿಜಾರಿನ ಕೆಳಗಿನ ಊರಬುಗ್ಗೆಗೆ ಹೋಗಿ ಕ್ಯಾನು ತುಂಬಿ ತಂದಳು. ಎರಡನೆಯ ದಿನ ಹೊತ್ತು ಬರುವಾಗ ಜಾರಿ ಬಿದ್ದಳು. ಕ್ಯಾನು ತಾನೇ ದಾರಿ ಹಿಡಿದು ಬೆಟ್ಟ ಇಳಿದುಹೋಯಿತು, ಅವಳ ಬಲಗೈ ಮಣಿಕಟ್ಟು ಊದಿಕೊಂಡಿತು. ಮೂರನೆಯ ದಿನ ಬುಗ್ಗೆಯ ಬಾಯಿಯೇ ಹೆಪ್ಪುಗಟ್ಟಿತು. ಅದೇ ದಿನ ಗ್ಯಾಸ್ ಸಿಲಿಂಡರ್ ಮುಗಿಯಿತು. ಕರೆಂಟು ಮೊದಲ ದಿನವೇ ಹೋಗಿತ್ತು. ಆಮೇಲೆ ಉಳಿದದ್ದು ಒದ್ದೆ ಆಲಿವ್ ಸೌದೆ, ಹೊಗೆ, ಮತ್ತು ಹಿಮ. ಹಿಮವನ್ನು ಬಿಳಿ ರೇಷ್ಮೆ ಎಂದು ಹಾಡುವವರಿದ್ದಾರೆ. ಅವರಲ್ಲಿ ಒಬ್ಬರೂ ಅದನ್ನು ಕರಗಿಸಿ ಪ್ರಾಣಿಗೆ ಕುಡಿಸಿದವರಿರಲಾರರು. ದೊಡ್ಡ ಪಾತ್ರೆಗೆ ಒತ್ತಿ ಒತ್ತಿ ತುಂಬಿ, ಅರ್ಧ ಬೆಳಿಗ್ಗೆ ಊದುಕೊಳವೆ ಊದಿ ಕಣ್ಣು ಕೆಂಪಾದ ಮೇಲೆ ತಳದಲ್ಲಿ ಸಿಗುವುದು ನಾಲ್ಕು ಬೆರಳು ನೀರು, ಅದರಲ್ಲೂ ಬೂದಿ.

"ಏನೇ, ಸತ್ತಿದೀಯೋ ಬದುಕಿದೀಯೋ?" ಮೇಲಿನಿಂದ ಅತ್ತೆ ಮಲ್ಹಾ ಕೂಗಿದಳು. ಎಂಬತ್ತು ದಾಟಿದ ಮುದುಕಿ. ಕಾಲು ಸೋತಿತ್ತು, ನಾಲಿಗೆ ಸೋತಿರಲಿಲ್ಲ.

"ಬದುಕಿದೀನಿ ಯೆಮ್ಮಾ."

"ಹಂಗಾದ್ರೆ ಕಾಫಿ ಎಲ್ಲಿ?"

"ನೀರಿಲ್ಲ ಯೆಮ್ಮಾ."

"ಮೊಲಕ್ಕಿದೆ, ನಂಗಿಲ್ಲ. ನಾನೂ ಉದ್ದ ಕಿವಿ ಬೆಳೆಸ್ಕೊಂಡು ಕೊಟ್ಟಿಗೇಲಿ ಕೂತಿದ್ರೆ ಈ ಮನೇಲಿ ಒಂದು ಬೆಲೆ ಇರ್ತಿತ್ತು." ಸ್ವಲ್ಪ ಹೊತ್ತು ಕೆಮ್ಮಿ ಮತ್ತೆ ಶುರುಮಾಡಿದಳು. "ಬಾಗ್ಲಾಚೆ ಸದ್ದಾಯ್ತು. ಅವಳ ಬಕೆಟ್ಟು ಬಂತು ನೋಡು. ಮಸೀದಿ ಮುಲ್ಲಾ ಆದ್ರೂ ಹೊತ್ತು ತಪ್ಪಿಸ್ತಾನೆ, ಅವಳ ಬಕೆಟ್ಟು ತಪ್ಪಿಸಲ್ಲ."

ಫೆರೂಜಾ ಬುಟ್ಟಿಯಿಂದ ಮೊದಲ ಬಟ್ಟಲು ತೆಗೆದಳು.

ಬಕೆಟ್ಟು ವಾರಗಿತ್ತಿ ತಾವೆಸಳದು. ಫೆರೂಜಾಳ ಗಂಡ ಬೂಸಾದ್, ಅವನ ತಮ್ಮನಾದ ತಾವೆಸಳ ಗಂಡ ಅಕ್ಲಿ ಮನೆ ಪಾಲು ಮಾಡಿಕೊಂಡಾಗ ಅಂಗಳದ ಈಚೆಯ ಮನೆ ಬೂಸಾದನಿಗೆ ಬಂತು, ಆಚೆಯದು ಅಕ್ಲಿಗೆ. ಅಕ್ಲಿಯ ಅಡುಗೆಮನೆಯ ನೆಲದಡಿ ತಾತನ ಕಾಲದ ನೀರಿನ ತೊಟ್ಟಿ ಇತ್ತು. ನೆಲದೊಳಗಿನ ನೀರು, ಹೆಪ್ಪುಗಟ್ಟುವುದಿಲ್ಲ. ಈ ಐದು ದಿನ ಊರಿನ ಮೇಲ್ಕೇರಿಯವರೆಲ್ಲ ಹಿಮ ಕಡಿದು ದಾರಿ ಮಾಡಿಕೊಂಡು ಬಂದು ಆ ತೊಟ್ಟಿಯಿಂದಲೇ ಸೇದಿಕೊಂಡು ಹೋಗುತ್ತಿದ್ದರು. ಯಾರ ಮನೆಯ ಬಿಂದಿಗೆಗೆ ಕೈ ಒಡ್ಡಿದರೂ ಅದು ತಾವೆಸಳ ನೀರೇ. ಅಕ್ಲಿ ಮಕ್ಕಳೊಂದಿಗೆ ಕೆಳಗಿನ ಪೇಟೆಯಲ್ಲಿ ಸಿಕ್ಕಿಕೊಂಡಿದ್ದ. ತಾವೆಸ್ ಒಬ್ಬಳೇ ಇದ್ದಳು. ದಿನಾ ಬೆಳಿಗ್ಗೆ ಹಸಿರು ಬಕೆಟ್ಟಿನಲ್ಲಿ ಹಬೆಯಾಡುವ ನೀರು ತಂದು ಫೆರೂಜಾಳ ಹೊಸಿಲಿನಿಂದ ಒಂದು ಗೇಣು ಆಚೆ ಇಟ್ಟು, ಮಾತಿಲ್ಲದೆ ಹೋಗುತ್ತಿದ್ದಳು. ಫೆರೂಜಾ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಅದು ಬಕೆಟ್ಟಿನಾಕಾರದ ಮಂಜುಗಡ್ಡೆ. ತಾವೆಸ್ ಬಂದು ಎತ್ತಿಕೊಂಡು ಹೋಗಿ, ಕರಗಿಸಿ, ಮರುದಿನ ಮತ್ತೆ ತಂದಿಡುತ್ತಿದ್ದಳು.

ಮುಟ್ಟುವಂತಿರಲಿಲ್ಲ. ಅದಕ್ಕೆ ಒಂಬತ್ತು ವರ್ಷದ ಹಿಂದಿನ ಆಣೆ ಅಡ್ಡವಿತ್ತು.

ಆಗ ಫೆರೂಜಾ ಮೊದಲ ಮೊಲ ಕೊಂಡಿದ್ದಳು. ಅದು ಆ ಚಳಿಗಾಲದಲ್ಲಿ ಮೊದಲ ಸೂಲಿನ ಮರಿ ಹಾಕಿತು. ಬಟ್ಟಲಲ್ಲಿ ಬಿಸಿ ಕುಸ್ಕುಸು ತಂದುಕೊಟ್ಟ ತಾವೆಸ್, ಗೂಡಿನ ತುಪ್ಪಳ ಸರಿಸಿ ನೋಡಿ, "ಅಯ್ಯೋ, ಹನ್ನೊಂದಿವೆ! ಒಂದೊಂದೂ ಗುಂಡು ಗುಂಡಗೆ!" ಎಂದಳು. ಅಷ್ಟೇ ಅಂದಳು. ಹಿಂದೆಯೇ ದೃಷ್ಟಿ ತಾಕದ ಹಾಗೆ 'ತಬಾರಕಲ್ಲಾ' ಎಂದು ದೇವರ ಹೆಸರು ಸೇರಿಸುವುದನ್ನು ಮರೆತಳು. ಮರುದಿನ ಬೆಳಿಗ್ಗೆ ಹನ್ನೊಂದರಲ್ಲಿ ಒಂದೂ ಇರಲಿಲ್ಲ. ತಾಯಿಯೇ ತಿಂದುಹಾಕಿತ್ತು. ಫೆರೂಜಾ ಅಂಗಳಕ್ಕೆ ಬಂದು, ತಲೆವಸ್ತ್ರ ಕಿತ್ತು, ಮೂರು ಮನೆಗೆ ಕೇಳುವಂತೆ ಕೂಗಿದಳು: "ನನ್ನ ಗಂಡನ ತಲೆಯಾಣೆ! ಈ ಕೆಟ್ಟ ಕಣ್ಣಿನವಳ ಮನೆಯ ಒಂದು ಹನಿ ನೀರೂ ಇನ್ನು ನನ್ನ ಹೊಸಿಲು ದಾಟಕೂಡದು!"

ದೇವರ ಮೇಲೆ ಆಣೆ ಮಾಡಿ ಮುರಿದರೆ ಮೂರು ದಿನ ಉಪವಾಸವಿದ್ದು ಕಳೆದುಕೊಳ್ಳಬಹುದು. ದೇವರು ದೊಡ್ಡವನು, ಬಿಟ್ಟುಬಿಡುತ್ತಾನೆ. ತಲೆಯ ಮೇಲಿನ ಆಣೆ ಹಾಗಲ್ಲ, ಅದು ಹೋಗಿ ಆ ತಲೆಯನ್ನೇ ಹಿಡಿಯುತ್ತದೆ ಎನ್ನುತ್ತಾರೆ ನಮ್ಮ ಹೆಂಗಸರು. ಆ ತಲೆ ಈಗ ಎಲ್ಲಿತ್ತು? ಬೂಸಾದ್ ರಸ್ತೆ ಇಲಾಖೆಯ ಹಿಮ ತಳ್ಳುವ ಯಂತ್ರ ಓಡಿಸುವವನು. ಐದು ದಿನದಿಂದ ತಿರೂರ್ದಾ ಕಣಿವೆಯ ದಾರಿಯಲ್ಲಿದ್ದ. ಅಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣ್ಣು ಹಾಯದಷ್ಟು ಆಳ. ಫೋನು ಸತ್ತಿತ್ತು. ಅಂಥ ಹೊತ್ತಿನಲ್ಲಿ ಹಸಿರು ಬಕೆಟ್ಟನ್ನು ಒಳಗೆಳೆದುಕೊಳ್ಳಲು ಅವಳ ಕೈ ಹೇಗೆ ಮೇಲೇಳುತ್ತದೆ?

ಅವಳು ಕೊಟ್ಟಿಗೆಯ ಮಬ್ಬಿನಲ್ಲಿ ಮೊದಲ ಪಂಜರಕ್ಕೆ ಕಾಲು ಲೋಟ ಸುರಿದಳು. ಬಟ್ಟಲು ಇಡುವ ಮೊದಲೇ ಮೊಲ ಮೂತಿ ಹಾಕಿತು. ಎರಡನೆಯದಕ್ಕೆ ಕಾಲು ಲೋಟ. ಮೂರನೆಯದಕ್ಕೆ ಬಂದಾಗ ಕೈ ನಿಂತಿತು.

ಬೂದು ಬಣ್ಣದ ಆ ಹೆಣ್ಣು ಪಂಜರದ ಮೂಲೆಗೆ ಒತ್ತಿಕೊಂಡು ಕುಳಿತಿತ್ತು. ಮೂತಿಯ ಸುತ್ತ ತುಪ್ಪಳ ಕಂದಾಗಿ ಒಣಗಿತ್ತು. ಗೂಡಿನ ಪೆಟ್ಟಿಗೆಯಲ್ಲಿ ನಿನ್ನೆ ಸಂಜೆಯವರೆಗೆ ಒಂಬತ್ತು ಮರಿ ಮಿಸುಕುತ್ತಿದ್ದವು. ಈಗ ಒಂದು ಕಡೆ ನಾಲ್ಕು ಒಂದಕ್ಕೊಂದು ಅಂಟಿ ಮಲಗಿದ್ದವು. ಇನ್ನೊಂದು ಕಡೆ ಏನಿತ್ತೋ ಅದನ್ನು ಅವಳು ಹುಲ್ಲಿನ ಜೊತೆ ಬಾಚಿ ತೆಗೆದು ಬುಟ್ಟಿಗೆ ಹಾಕಿ, ಮೇಲೆ ಚಿಂದಿ ಬಟ್ಟೆ ಮುಚ್ಚಿದಳು. ಆಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ನೀರು ಬೇಕು.

ಅವಳಿಗೆ ಗೊತ್ತಿತ್ತು. ಈ ಮಾತು ಹೇಳಿಬಿಡಬೇಕು: ಅವಳಿಗೆ ಆರು ವರ್ಷದಿಂದ ಗೊತ್ತಿತ್ತು. ಆರು ವರ್ಷದ ಹಿಂದೆ ಕೆಳಗಿನ ಪೇಟೆಯಲ್ಲಿ ಮೊಲ ಸಾಕುವ ಹೆಂಗಸರಿಗೆ ಮೂರು ದಿನ ತರಬೇತಿ ನಡೆದಿತ್ತು. ಪಾಠ ಹೇಳಿದವಳು ಸಣಕಲು ಮೈಯ, ದೊಡ್ಡ ದನಿಯ ಪಶುವೈದ್ಯೆ. "ಮರಿ ಹಾಕಿದ ಹೆಣ್ಣಿಗೆ ನೀರು ಸಿಗದಿದ್ರೆ ಅದು ಮರೀನೇ ತಿನ್ನುತ್ತೆ ಕಣ್ರಮ್ಮಾ. ದೃಷ್ಟಿ ಅಲ್ಲ, ಗಾಳಿ ಅಲ್ಲ, ಪಕ್ಕದ ಮನೆಯವಳೂ ಅಲ್ಲ. ಬಾಯಾರಿಕೆ!" ಎಂದಿದ್ದಳು. ಹೆಂಗಸರೆಲ್ಲ ನಕ್ಕರು. ಫೆರೂಜಾ ನಗಲಿಲ್ಲ. ಅವಳ ಕಣ್ಣಿಗೆ ಹನ್ನೊಂದು ಮರಿ ಸತ್ತ ಬೆಳಗಿನ ತಗಡಿನ ಬಟ್ಟಲು ಕಟ್ಟಿತು. ಅವತ್ತು ಅದರೊಳಗೆ ಅಂಗೈ ದಪ್ಪದ ಮಂಜುಗಡ್ಡೆ ಇತ್ತು.

ಮನೆಗೆ ಬಂದವಳೇ ಹೇಳಬೇಕೆಂದಿದ್ದಳು. ಅಷ್ಟು ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಅವಳು ಅಂಗಳದಲ್ಲಿ ಕೂಗಿದ್ದನ್ನು ಊರು ಎತ್ತಿಕೊಂಡು ಮನೆಮನೆಗೆ ಹಂಚಿತ್ತು. ತಾವೆಸ್ ಎದುರಾದರೆ ಬಾಣಂತಿಯರು ಮಗುವಿನ ಮುಖಕ್ಕೆ ಸೆರಗು ಎಳೆಯುತ್ತಿದ್ದರು. ಯಾರದೋ ಕರು ಕುಂಟಿದರೆ, ತಾವೆಸ್ ಆ ದಾರಿಯಲ್ಲಿ ಹೋದಳಾ ಎಂದು ವಿಚಾರಿಸುತ್ತಿದ್ದರು. ನಗುನಗುತ್ತ ಮದುವೆಮನೆಗಳಲ್ಲಿ ಡೋಲು ಬಡಿಯುತ್ತಿದ್ದ ಹೆಂಗಸು ತಲೆವಸ್ತ್ರವನ್ನು ಹುಬ್ಬಿನವರೆಗೆ ಇಳಿಸಿಕೊಂಡು ನೆಲ ನೋಡಿ ನಡೆಯುವವಳಾದಳು. ಇದನ್ನೆಲ್ಲ ಈಗ ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದು? ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡಳು ಫೆರೂಜಾ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು. ನಾಲ್ಕನೆಯ ಕಾಲು ಕಣ್ಣಿಗೆ ಕಂಡ ಮೇಲೂ ಆರು ವರ್ಷ ಮೂರೇ ಎಂದಳು.

"ಯಾಕೆ ಸದ್ದಿಲ್ಲ?" ಮಲ್ಹಾ ಕೇಳಿದಳು.

"ಬೂದು ಹೆಣ್ಣು ಮರಿ ತಿಂದುಬಿಟ್ಟಿದೆ ಯೆಮ್ಮಾ. ಐದು."

ಮುದುಕಿಯ ದನಿ ತಗ್ಗಿತು. ಅದು ಅಪರೂಪ. "ಮಿಕ್ಕಿದ್ದವು?"

"ಇವತ್ತು ಮಧ್ಯಾಹ್ನದೊಳಗೆ ನೀರು ಸಿಗದಿದ್ರೆ ಅವೂ ಅದನ್ನೇ ಮಾಡ್ತವೆ. ಎಲ್ಲಾ ಏಳೂ."

ಹೇಳಿದ ಮೇಲೆ ಅದು ನಿಜವಾಗಿ ಎದುರಿಗೆ ನಿಂತಂತಾಯಿತು. ಒಂಬತ್ತು ವರ್ಷ ಸೊಪ್ಪು ಕೊಯ್ದು, ಹಿಕ್ಕೆ ಬಾಚಿ, ಒಂದೊಂದಾಗಿ ಬೆಳೆಸಿದ ಮಂದೆ. ಆ ಮನೆಯಲ್ಲಿ ಅವಳದು ಎನ್ನುವುದು ಅದೊಂದೇ. ಕೆಟಲಿನಲ್ಲಿ ಉಳಿದದ್ದು ಒಂದೂವರೆ ಲೋಟ. ಒಲೆಯ ಮೇಲಿನ ಪಾತ್ರೆಯಲ್ಲಿ ಹಿಮ ಹಾಗೇ ಬೆಳ್ಳಗೆ ಕುಳಿತಿತ್ತು.

ಅವಳು ಎದ್ದಳು. ಏನು ಮಾಡುತ್ತಿದ್ದೇನೆ ಎಂದು ಯೋಚಿಸಿ ಮಾಡಿದ್ದಲ್ಲ. ಯೋಚಿಸುವ ಶಕ್ತಿ ಮುಗಿದವರು ಕೈಗೆ ಸಿಕ್ಕಿದ್ದನ್ನು ಮಾಡುತ್ತಾರೆ. ಬೂದು ಮೊಲವನ್ನು ಎತ್ತಿ ಶಾಲಿನೊಳಗೆ ಸುತ್ತಿಕೊಂಡಳು, ಬಾಗಿಲು ತೆಗೆದಳು, ಹೊಸಿಲು ದಾಟಿ ಹೊರಗೆ ಕಾಲಿಟ್ಟಳು. ಚಳಿ ಮುಖಕ್ಕೆ ಹೊಡೆಯಿತು. ಬಕೆಟ್ಟಿನಿಂದ ಇನ್ನೂ ಹಬೆ ಏಳುತ್ತಿತ್ತು. ಹಿಮದ ಮೇಲೆ ಮಂಡಿಯೂರಿ ಮೊಲದ ಮೂತಿಯನ್ನು ನೀರಿನ ಹತ್ತಿರ ಹಿಡಿದಳು.

ಮೊಲ ಕುಡಿಯಿತು. ಮೂತಿ ಎತ್ತದೆ ಕುಡಿಯಿತು. ಆ ಸಣ್ಣ ಲಪಲಪ ಸದ್ದು ಬಿಟ್ಟರೆ ಅಂಗಳದಲ್ಲಿ ಬೇರೆ ಸದ್ದಿರಲಿಲ್ಲ. ನೀರು ಒಳಗೆ ಬರಬಾರದು ಎಂದು ಆಣೆ. ಮೊಲ ಹೊರಗೆ ಹೋಗಬಾರದು ಎಂದು ಯಾರು ಆಣೆ ಮಾಡಿದ್ದರು? ಐದು ದಿನದಲ್ಲಿ ಮೊದಲ ಸಲ ಅವಳ ತುಟಿ ನಗುವಿನ ಕಡೆಗೆ ಅಲುಗಿತು. ಇಷ್ಟು ಸಣ್ಣದು ನಿನ್ನೆಯೇ ಹೊಳೆದಿದ್ದರೆ ಐದು ಮರಿ ಉಳಿಯುತ್ತಿದ್ದವು ಎಂದೂ ಅನಿಸಿತು. ಮೊಲವನ್ನು ಎದೆಗವಚಿಕೊಂಡು ಒಳಗೆ ಹೋಗಲು ತಿರುಗಿದಳು.

"ನಿಲ್ಲೇ!" ಒಳಗಿನಿಂದ ಮಲ್ಹಾ ಕೂಗಿದಳು. ತೆರೆದ ಬಾಗಿಲಿನಿಂದ ಅವಳ ಹಾಸಿಗೆಗೆ ಎಲ್ಲ ಕಾಣುತ್ತಿತ್ತು. "ಅದರ ಹೊಟ್ಟೇಲಿರೋದು ಏನು?"

"ಏನು ಯೆಮ್ಮಾ?"

"ನೀರು ತಾನೆ? ತಾವೆಸಳ ನೀರು ತಾನೆ? ಬಿಂದಿಗೇಲಿ ತಂದ್ರೇನು, ಹೊಟ್ಟೇಲಿ ತಂದ್ರೇನು, ಹೊಸಿಲು ದಾಟಿದ ಹಾಗೇ ಅಲ್ವಾ? ಅವನು ನನ್ನ ಮಗ ಕಣೇ. ಆ ತಲೆ ನಾನು ಹೆತ್ತಿದ್ದು."

ಕೇಳಿ ನಗುವವರು ನಗಲಿ. ತಿರೂರ್ದಾದ ಅಂಚಿನಲ್ಲಿ ಗಂಡ ಯಂತ್ರ ಓಡಿಸುತ್ತಿರುವಾಗ ಅವನ ತಲೆಯ ಮೇಲಿನ ಆಣೆಯ ಜೊತೆ ಚೌಕಾಸಿ ಮಾಡುವ ಹೆಂಗಸು ನಮ್ಮ ಬೆಟ್ಟದಲ್ಲಿ ಇನ್ನೂ ಹುಟ್ಟಿಲ್ಲ. ಫೆರೂಜಾಳ ಎತ್ತಿದ ಕಾಲು ಹೊಸಿಲ ಮೇಲೆಯೇ ನಿಂತಿತು, ಮತ್ತೆ ಹಿಂದಕ್ಕೆ ಬಂತು. ಒಳಗೆ ಹೋಗುವಂತಿಲ್ಲ. ಮೊಲವನ್ನು ಹಿಮದಲ್ಲಿ ಬಿಡುವಂತಿಲ್ಲ. ಒಳಗೆ ಅದರ ನಾಲ್ಕು ಮರಿಗಳಿವೆ, ಇನ್ನೂ ಏಳು ಹೆಣ್ಣುಗಳಿವೆ. ಅವಳು ಅಂಗಳದ ನಡುವೆ ಮೊಲ ಹಿಡಿದುಕೊಂಡು ನಿಂತಳು, ಆಗ ಅಳು ಬಂತು. ಸದ್ದಿಲ್ಲದ ಅಳು, ಮೂಗು ಸೋರುವ ಅಳು, ಒರೆಸಿಕೊಳ್ಳಲು ಕೈ ಖಾಲಿಯಿಲ್ಲದ ಅಳು.

ಎದುರು ಮನೆಯ ಬಾಗಿಲು ತೆರೆಯಿತು.

ತಾವೆಸ್ ಹೊಸಿಲ ಮೇಲೆ ನಿಂತಿದ್ದಳು. ತಲೆವಸ್ತ್ರ ಹುಬ್ಬಿನವರೆಗೆ ಇಳಿದಿತ್ತು. ಅವಳು ಫೆರೂಜಾಳನ್ನಾಗಲಿ ಮೊಲವನ್ನಾಗಲಿ ನೋಡಲಿಲ್ಲ, ಹಿಮವನ್ನು ನೋಡುತ್ತ ಮಾತಾಡಿದಳು.

"ಒಳಗೆ ತಾ ಅಕ್ಕಾ. ಎಲ್ಲಾನೂ ಇಲ್ಲಿಗೇ ತಾ. ಒಲೆ ಉರೀತಿದೆ, ನೀರಿದೆ."

ಫೆರೂಜಾ ಮೊಲವನ್ನು ಇನ್ನಷ್ಟು ಬಿಗಿಯಾಗಿ ಎದೆಗವಚಿಕೊಂಡಳು.

"ಹೆದರ್ಬೇಡ," ಎಂದಳು ತಾವೆಸ್. "ನಾನು ಗೋಡೆ ಕಡೆ ತಿರುಗಿ ಕೂತಿರ್ತೀನಿ. ಒಂದನ್ನೂ ನೋಡಲ್ಲ."

ಆ ಮಾತು ಫೆರೂಜಾಳಿಗೆ ಚಳಿಗಿಂತ ಹೆಚ್ಚು ನಾಟಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಎಂಟು ಹೆಣ್ಣು, ಎಂಟು ಗೂಡಿನ ಪೆಟ್ಟಿಗೆ. ಅಂಗಳ ಹದಿನೈದು ಹೆಜ್ಜೆ, ಮೊಣಕಾಲುದ್ದ ಹಿಮ. ಅವಳು ಬೂದು ಹೆಣ್ಣನ್ನು ತಾವೆಸಳ ಒಲೆಯ ಪಕ್ಕ ಬಿಟ್ಟು ಬಂದು, ಮೊದಲು ಉಳಿದ ಮೊಲಗಳನ್ನು ಎರಡೆರಡಾಗಿ ಗೋಣಿಯಲ್ಲಿ ಹೊತ್ತಳು, ಆಮೇಲೆ ಪೆಟ್ಟಿಗೆಗಳನ್ನು ಒಂದೊಂದಾಗಿ ಕಂಬಳಿ ಮುಚ್ಚಿ ಎದೆಗೊತ್ತಿಕೊಂಡು ದಾಟಿಸಿದಳು. ಐದನೆಯ ಪೆಟ್ಟಿಗೆಯ ಹೊತ್ತಿಗೆ ಊದಿದ ಮಣಿಕಟ್ಟು ಕೆಲಸ ಮಾಡುವುದನ್ನೇ ಬಿಟ್ಟಿತು. ಉಳಿದ ಮೂರನ್ನು ಮೊಣಕೈಗಳ ನಡುವೆ ಹಿಡಿದು ತಂದಳು. ಕೊನೆಯ ಸಲ ಬಂದಾಗ ಮಲ್ಹಾ, "ನನ್ನನ್ನೂ ಒಂದು ಕಿವಿ ಹಿಡಿದು ಎತ್ಕೊಂಡು ಹೋಗ್ರೇ! ಅಲ್ಲಿ ಕಾಫಿನಾದ್ರೂ ಸಿಗುತ್ತೆ!" ಎಂದು ಕೂಗಿದಳು. ತಾವೆಸ್ ಎದ್ದು ಹೋಗಿ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ತಂದಳು. ಒಂಬತ್ತು ವರ್ಷದ ಮೇಲೆ ಆ ಮನೆಯ ಹೊಸಿಲು ತುಳಿದಿದ್ದಳು. ತುಳಿದದ್ದು ನೀರಲ್ಲ, ಅವಳು ಎಂದುಕೊಂಡಳೋ ಏನೋ, ಕಾಫಿಯ ಆಸೆಗೆ ಮಲ್ಹಾ ಅವಳ ಹೊಟ್ಟೆಯ ನೀರಿನ ಮಾತು ಎತ್ತಲಿಲ್ಲ.

ಅಡುಗೆಮನೆಯಲ್ಲಿ ಬೆಚ್ಚಗಿತ್ತು. ತಾವೆಸ್ ಹೇಳಿದ ಹಾಗೆಯೇ ಗೋಡೆಗೆ ಮುಖ ಮಾಡಿ ಕುಳಿತಳು. ತೊಟ್ಟಿಯ ಬಾಯಿ ಅವಳ ಪಕ್ಕದಲ್ಲೇ ಇತ್ತು. ಸೇದುತ್ತಿದ್ದಳು, ಒಲೆಯ ಮೇಲಿನ ಬಿಸಿನೀರು ಬೆರೆಸುತ್ತಿದ್ದಳು, ಬೋಗುಣಿಯನ್ನು ತಲೆ ತಿರುಗಿಸದೆ ಹಿಂದಕ್ಕೆ ಚಾಚುತ್ತಿದ್ದಳು. ಫೆರೂಜಾ ತೆಗೆದುಕೊಂಡು ಮೊಲಗಳ ಮುಂದಿಡುತ್ತಿದ್ದಳು. ಮೂಲೆಯಲ್ಲಿ ಮಲ್ಹಾ ಎರಡು ಕೈಯಲ್ಲೂ ಕಾಫಿ ಲೋಟ ಹಿಡಿದು ಮೊದಲ ಬಾರಿಗೆ ಬಾಯಿ ಮುಚ್ಚಿ ಕುಳಿತಿದ್ದಳು. ಬೋಗುಣಿ ಹಿಂದಕ್ಕೆ, ಮುಂದಕ್ಕೆ. ಒಂದು ಸಲ ನೀರು ಚೆಲ್ಲಿ ತಾವೆಸಳ ಬೆನ್ನು ಒದ್ದೆಯಾಯಿತು. ಆಗಲೂ ತಿರುಗಲಿಲ್ಲ.

ಏಳು ಕುಡಿದವು. ಬಿಳಿ ಹೆಣ್ಣು ಮಾತ್ರ ಕುಡಿಯಲಿಲ್ಲ. ತಲೆ ನೆಲಕ್ಕಿಟ್ಟು ಮಲಗಿತ್ತು, ಕಿವಿ ತಣ್ಣಗಿದ್ದವು. ಚಮಚದಲ್ಲಿ ಹಲ್ಲಿನ ಸಂದಿಯಿಂದ ಹನಿಸಬೇಕಿತ್ತು. ಒಬ್ಬರು ಹಿಡಿದು ಇನ್ನೊಬ್ಬರು ಹನಿಸುವ ಕೆಲಸ ಅದು. ಫೆರೂಜಾ ಒಬ್ಬಳೇ ಪ್ರಯತ್ನಿಸಿದಳು. ಅವಳ ಬೆರಳು ಸೀಳು ಬಿಟ್ಟು ಮರಗಟ್ಟಿದ್ದವು, ಚಮಚ ಎರಡು ಸಲ ಬಿದ್ದಿತು.

"ತಾವೆಸ್," ಎಂದಳು. ಆ ಹೆಸರನ್ನು ಅವಳ ಬಾಯಿ ಒಂಬತ್ತು ವರ್ಷದಿಂದ ಆಡಿರಲಿಲ್ಲ. "ಈ ಕಡೆ ತಿರುಗು."

"ಬೇಡ ಅಕ್ಕಾ."

"ತಿರುಗೇ. ನನ್ನ ಕೈಲಾಗ್ತಿಲ್ಲ."

"ನಾಳೆ ಒಂದು ಸತ್ರೆ ಯಾರ ಮೇಲೆ ಬರುತ್ತೆ?"

ಫೆರೂಜಾ ಬಿಳಿ ಮೊಲವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಒಳ್ಳೆಯ ಮಾತು ಜೋಡಿಸಿಕೊಳ್ಳುವ ತ್ರಾಣ ಇರಲಿಲ್ಲ. ಇದ್ದಿದ್ದರೆ ಬಹುಶಃ ಇನ್ನೂ ಆರು ವರ್ಷ ಮುಂದೆ ಹಾಕುತ್ತಿದ್ದಳು. "ಅವತ್ತೂ ಬಟ್ಟಲು ಹೆಪ್ಪುಗಟ್ಟಿತ್ತು," ಎಂದಳು. "ಆ ಹನ್ನೊಂದು ಮರಿ. ನಿನ್ನ ಕಣ್ಣು ಬಿದ್ದು ಸತ್ತಿದ್ದಲ್ಲ. ನಾನು ನೀರು ನೋಡಿರ್ಲಿಲ್ಲ. ಬಾಯಾರಿ ತಿಂದಿದ್ದು. ಇವತ್ತು ತಿಂದ ಹಾಗೇ."

ತಾವೆಸ್ ಅಲುಗಲಿಲ್ಲ. ಗೋಡೆಯನ್ನೇ ನೋಡುತ್ತ ಕೇಳಿದಳು: "ಇವತ್ತು ಗೊತ್ತಾಯ್ತಾ?"

ಹೌದು ಎನ್ನಬಹುದಿತ್ತು. ಸುಲಭವಿತ್ತು.

"ಇಲ್ಲ. ಆರು ವರ್ಷ ಆಯ್ತು."

ಒಲೆಯೊಳಗೆ ಸೌದೆಯೊಂದು ಸಿಡಿಯಿತು. ಮಲ್ಹಾಳ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಆರು ವರ್ಷ," ಎಂದಳು ತಾವೆಸ್. "ನನ್ನ ತಂಗಿಗೆ ಮಗ ಹುಟ್ಟಿ ನಾಲ್ಕು ವರ್ಷ. ನಾನು ಅವನ ಮುಖ ನೋಡಿಲ್ಲ ಅಕ್ಕಾ. ಹೋಗಿದ್ದೆ, ಬಾಗ್ಲಲ್ಲಿ ನಿಂತು ಉಡುಗೊರೆ ಕೊಟ್ಟು ಬಂದೆ. ಅವಳೂ ಒಳಗೆ ಬಾ ಅನ್ಲಿಲ್ಲ. ಬರಬರ್ತಾ ನಂಗೇ ನಂಬಿಕೆ ಬಂದುಬಿಡ್ತು. ನನ್ನ ಮಕ್ಕಳು ಮಲಗಿದ್ದಾಗ ನೋಡೋಕೂ ಹೆದರ್ತಿದ್ದೆ."

ಫೆರೂಜಾ ತಲೆ ತಗ್ಗಿಸಿ ಕುಳಿತಳು. ಕ್ಷಮೆ ಕೇಳುವುದಕ್ಕೂ ನಾಚಿಕೆಯಾಯಿತು. ಕೇಳಿದರೆ ಅದೂ ಏನನ್ನೋ ಬೇಡಿದ ಹಾಗೆ.

ತಾವೆಸ್ ತಲೆವಸ್ತ್ರ ಬಿಚ್ಚಿ ಅದರಿಂದಲೇ ಮುಖ ಒರೆಸಿಕೊಂಡು ಈ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು. ಅವಳ ಹಣೆಯಂಚಿನಲ್ಲಿ ಬಿಳಿ ಕೂದಲು ಬಂದಿದ್ದನ್ನು ಫೆರೂಜಾ ಅವತ್ತೇ ನೋಡಿದ್ದು.

"ನಿನ್ನ ಕೂದ್ಲು ಹಿಡಿದು ಈ ತೊಟ್ಟಿಗೆ ತಳ್ಬೇಕು ಅನಿಸ್ತಿದೆ," ಎಂದಳು ತಾವೆಸ್. "ಆದ್ರೆ ಐದು ದಿನ ಊರಿಗೆಲ್ಲ ನೀರು ಸೇದಿ ಸೇದಿ ನನ್ನ ತೋಳು ಬಿದ್ದುಹೋಗಿವೆ. ಹಿಮ ಕರಗ್ಲಿ. ಆಮೇಲೆ ಬುಗ್ಗೆ ಹತ್ರ ಎಲ್ಲರೆದುರಿಗೆ ಬೈತೀನಿ. ನೀನೂ ಅಲ್ಲೇ, ಎಲ್ಲರೆದುರಿಗೆ, ಈಗ ಹೇಳಿದ್ದನ್ನ ಹೇಳ್ಬೇಕು."

"ಹೇಳ್ತೀನಿ."

"ಕೂಗಿ ಹೇಳ್ಬೇಕು. ಅವತ್ತು ಕೂಗಿದ ಹಾಗೇ."

"ಕೂಗ್ತೀನಿ."

"ನಾನೇ ಸಾಕ್ಷಿ," ಎಂದಳು ಮಲ್ಹಾ ಮೂಲೆಯಿಂದ. "ಇವಳು ಸಣ್ಣಗೆ ಕೂಗಿದ್ರೆ ನಾನು ಕೂಗ್ತೀನಿ."

"ಕೊಡು ಇಲ್ಲಿ," ಎಂದು ತಾವೆಸ್ ಬಿಳಿ ಮೊಲವನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಮೊದಲು ಅದರ ಮೇಲೆ ಕಣ್ಣಿಡಲು ಅವಳಿಗೇ ಹೆದರಿಕೆಯಾಯಿತು. ರೆಪ್ಪೆ ಎರಡು ಮೂರು ಸಲ ಬಡಿದವು. ಆಮೇಲೆ ನೋಡಿದಳು. ಫೆರೂಜಾ ಅದರ ತಲೆ ಹಿಡಿದಳು. ತಾವೆಸ್ ದವಡೆಯನ್ನು ಹೆಬ್ಬೆರಳಿನಿಂದ ಒತ್ತಿ ಚಮಚದ ಅಂಚು ತೂರಿಸಿ ಒಂದೊಂದೇ ಹನಿ ಬಿಟ್ಟಳು. ಅರ್ಧ ಹೊರಗೆ ಹರಿಯಿತು. ಮತ್ತೆ ಬಿಟ್ಟಳು. ಹದಿನೈದೋ ಇಪ್ಪತ್ತೋ ಚಮಚವಾದ ಮೇಲೆ ಮೊಲದ ಗಂಟಲು ಅಲುಗಿತು, ಮೂಗು ನಡುಗಿತು, ನಾಲಿಗೆ ಹೊರಗೆ ಬಂದು ಚಮಚವನ್ನು ತಾನೇ ನೆಕ್ಕಿತು. ತಾವೆಸ್ ಬೋಗುಣಿ ಹತ್ತಿರ ಎಳೆದಳು. ಮೊಲ ಕುತ್ತಿಗೆ ಚಾಚಿ ಕುಡಿಯತೊಡಗಿತು.

"ಇನ್ನು ಇದು ಬದುಕುತ್ತೆ," ಎಂದಳು.

ಗೋಡೆಗೆ ಒರಗಿದ ಫೆರೂಜಾಳ ಬೆನ್ನು ತಾನಾಗಿ ಜಾರುತ್ತಿತ್ತು. ಇನ್ನೆರಡು ಗಂಟೆಗೆ ಮತ್ತೆ ನೀರು ಕೊಡಬೇಕು, ಮರಿಗಳನ್ನು ಹಾಲಿಗೆ ಬಿಡಬೇಕು, ಹುಲ್ಲು ಇನ್ನೂ ಕೊಟ್ಟಿಗೆಯಲ್ಲೇ ಉಳಿದಿದೆ, ತರಬೇಕು. ಏಳಬೇಕು ಎಂದುಕೊಂಡಳು. ಏಳಲಿಲ್ಲ.

"ಮಲಗು ಅಕ್ಕಾ. ನಾನು ನೋಡ್ಕೋತೀನಿ," ಎಂದಳು ತಾವೆಸ್. ಹೇಳಿ, ಏನು ಹೇಳಿದೆ ಎಂದು ಅವಳಿಗೇ ಅರಿವಾಗಿ ಕಣ್ಣು ನೆಲಕ್ಕಿಳಿಸಿದಳು.

"ನೋಡ್ಕೋ," ಎಂದಳು ಫೆರೂಜಾ.

ತಾವೆಸ್ ಪೆಟ್ಟಿಗೆಗಳ ಮೇಲಿನ ಕಂಬಳಿಯನ್ನು ಒಂದೊಂದಾಗಿ ಸರಿಸಿದಳು. ತುಪ್ಪಳದ ನಡುವೆ ಮರಿಗಳು ಬೆಚ್ಚಗೆ ಮಿಸುಕುತ್ತಿದ್ದವು. ಅವಳು ಬಗ್ಗಿ, ಬಾಯಿ ಸ್ವಲ್ಪ ತೆರೆದು, ಹಸಿದವರು ಅನ್ನ ನೋಡುವ ಹಾಗೆ ಅವುಗಳನ್ನು ನೋಡುತ್ತ ಕುಳಿತಳು. ತನ್ನ ಮರಿಗಳ ಮೇಲೆ ನೆಟ್ಟಿದ್ದ ಆ ಕಣ್ಣುಗಳನ್ನು ನೋಡುತ್ತಲೇ ಫೆರೂಜಾಳಿಗೆ ನಿದ್ದೆ ಬಂತು.